ಕೆಂಪು ಕಾಲಿನ ಕುದುರೆ

ಕಳೆದ ಮಂಗಳವಾರ ಚನ್ನಪಟ್ಟಣದಿಂದ ಬರುವಾಗ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಒಂದು ಕುದುರೆ ಕಾಲಿತ್ತು. (ಗಾಬರಿಯಾಗಬೇಡಿ, ಮರದ್ದು.)

ಅದರ ಇನ್ನೊಂದು ತುದಿ ಪಕ್ಕದ ಸೀಟಿನ ಪುಟ್ಟಮ್ಮನವರ ತೊಡೆಯ ಮೇಲಿತ್ತು. "ಒಸಿ ಹಿಡ್ಕೊಳವ್ವ, ಬಣ್ಣ ಉಜ್ಜೋಯ್ತದೆ" ಅಂದಿದ್ದರು.

ಈ ದಾರಿಯಲ್ಲಿ ಹೊಳೆ ದಾಟುವ ನಮ್ಮ ಹಳೇ ಸೇತುವೆ ಗೊತ್ತಲ್ಲ? ಎರಡು ತುದಿಗೆ ಎರಡು ಗಾರೆ ಕುದುರೆ, ಮೇಲೊಬ್ಬೊಬ್ಬ ಸವಾರ. ಸವಾರ ಯಾರು? ಮಾಗಡಿಯವರನ್ನು ಕೇಳಿದರೆ ಅವರೂರಿನ ಪಾಳೇಗಾರ. ಕನಕಪುರದವರನ್ನು ಕೇಳಿದರೆ ಅವರ ಕಡೆಯವನು. ಮಾಡಿದ್ದು ಯಾರು? ಅದಂತೂ ಯಾರಿಗೂ ಗೊತ್ತಿಲ್ಲ.

ಬಹಳ ಹಿಂದೆ ಲಾರಿಯೊಂದು ಗುದ್ದಿ ಒಂದು ಕುದುರೆಯ ಮುಂಗಾಲು ಮುರಿಯಿತು. ಪುಟ್ಟಮ್ಮನವರ ಯಜಮಾನರು ಚನ್ನಪಟ್ಟಣದಲ್ಲಿ ಗೊಂಬೆ ಮಾಡುತ್ತಿದ್ದವರು. ಮೂರು ಕಾಲಿನ ಕುದುರೆ ನೋಡಲಾಗದೆ ತಾವೇ ಒಂದು ಕಾಲು ಮಾಡಿ ಕೂರಿಸಿದರು. ಆದರೆ ಅವರ ಕೈಗೆ ಗೊತ್ತಿದ್ದದ್ದು ಲೇತ್ ಒಂದೇ. ಲೇತಿನಲ್ಲಿ ತಿರುಗಿದ್ದೆಲ್ಲ ಗುಂಡಗೇ ತಾನೇ ಬರೋದು? ಮಂಡಿಯಿಲ್ಲ, ಗೊರಸಿಲ್ಲ. ಥೇಟ್ ಮಂಚದ ಕಾಲು! ಮೇಲೆ ಫಳಫಳ ಕೆಂಪು ಅರಗು, ನಡುವೆ ಹಳದಿ ಪಟ್ಟೆ.

ಜನ ನಕ್ಕರು. ಆಮೇಲೆ ಸೇತುವೆ ಪಕ್ಕದ ಬಸ್ ಸ್ಟಾಪಿಗೇ 'ಕೆಂಪ್ ಕಾಲು' ಅಂತ ಹೆಸರಾಯಿತು. ನನಗೋ, ಬೆಳಗಿನ ಮಂಜಿನಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದಾಗಲೆಲ್ಲ ಆ ಕುದುರೆ ಈಗಲೋ ಆಗಲೋ ಹೊಳೆಗಿಳಿದು, ನೀರು ಕುಡಿದು, ರಾಮನಗರದ ಬಂಡೆಗಳ ಹಿಂದೆ ಹೊರಟುಹೋಗುತ್ತದೆ ಅನ್ನಿಸುತ್ತಿತ್ತು. ಮಡಚಲು ಬಾರದ ಆ ಒಂದು ಕಾಲಿನಿಂದಾಗಿ ಇಲ್ಲೇ ಉಳಿದಿದೆ ಅಂದುಕೊಳ್ಳುತ್ತಿದ್ದೆ. ಹೀಗೆ ಕನಸು ಕಾಣುತ್ತಾ ಎಷ್ಟು ಸಲ ನನ್ನ ಸ್ಟಾಪ್ ದಾಟಿ ಹೋಗಿದ್ದೇನೋ!

ಈಗ ಅತ್ತ ಫ್ಯಾಕ್ಟರಿಗಳು ಬಂದಿವೆ, ಇತ್ತ ರೋಡು ಅಗಲವಾಗಿದೆ, ಹೊಸ ಸೇತುವೆ ಎದ್ದಿದೆ. ಕುದುರೆಗಳನ್ನು ಅಲ್ಲಿಗೆ ಸಾಗಿಸುವಾಗ ಮರದ ಕಾಲು ಬಿಚ್ಚಿ ಪುಟ್ಟಮ್ಮನವರ ಮನೆಗೆ ಕಳಿಸಿದ್ದರು. ತೀರಿಹೋದ ಗಂಡನ ಕೈಕೆಲಸ. ಚನ್ನಪಟ್ಟಣದಲ್ಲಿ ಅದಕ್ಕೆ ಹೊಸದಾಗಿ ಅರಗು ಹಾಕಿಸಿಕೊಂಡು, 'ಮತ್ತೆ ಕೂರಿಸಿ' ಅಂತ ಕೇಳಲು ಹೊರಟಿದ್ದರು. ಸೇತುವೆ ಹತ್ತಿರ ನಾನೂ ಜೊತೆಗೆ ಇಳಿದೆ.

ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಒಳ್ಳೆಯವರೇ. "ಇಲ್ಲಮ್ಮ, ಒರಿಜಿನಲ್ ಥರಾನೇ ಸಿಮೆಂಟ್ ಕಾಲು ಹಾಕಿಬಿಟ್ಟಿದ್ದೀವಿ" ಅಂದರು.

"ಒರಿಜಿನಲ್ ಮಾಡ್ದೋರು ಯಾರು ಸ್ವಾಮಿ?"

"ಗೊತ್ತಿಲ್ಲಮ್ಮ. ರೆಕಾರ್ಡಿನಲ್ಲಿ ಇಲ್ಲ."

"ಇದ್ನ ಮಾಡಿದ್ದು ನಮ್ ಯಜಮಾನ್ರು. ನಿಮ್ಗೂ ಗೊತ್ತೈತೆ, ಊರ್ಗೂ ಗೊತ್ತೈತೆ."

ಪುಟ್ಟಮ್ಮ ಕಾಲನ್ನು ಸೆರಗಿನಲ್ಲಿ ಸುತ್ತಿಕೊಂಡು ವಾಪಸ್ ಬಸ್ಸಿಗೆ ಕಾಯುತ್ತಾ ನಿಂತರು. ನನಗೆ ತುಂಬಾ ಸಂಕಟವಾಯಿತು.

ಈಗ ಕುದುರೆಯ ನಾಲ್ಕು ಕಾಲೂ ಒಂದೇ ಥರ ಇವೆ, ಒಂದನ್ನಾದರೂ ಮಾಡಿದ್ದು ಯಾರು ಅಂತ ಹೇಳುವ ಹಾಗಿಲ್ಲ. ಇದಕ್ಕೇನಾ ನಾವು ರಿಪೇರಿ ಅನ್ನೋದು?