ಹೊತ್ತು ಹೊಳ್ಳುವ ದಿನದ ಸೊಪ್ಪಿನ ಕಟ್ಟು

ಆ ಬೆಳಿಗ್ಗೆ ಕುರುಗೋಡಿನ ಹೊಲದಲ್ಲಿ ಇದ್ದವರು ನಾವು ಮೂವರು. ನಮ್ಮವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ. ಅವಳ ಪಕ್ಕದ ಮನೆಯಾಕೆ, ನಾನು ಚಿಕ್ಕಂದಿನಿಂದ ಖಾಲಾ ಎಂದು ಕರೆಯುವವರು. ಮತ್ತು ಹಿಂದಿನ ಸಂಜೆ ಬಳ್ಳಾರಿಯಿಂದ ಬಸ್ಸು ಹತ್ತಿ ಬಂದಿದ್ದ ನಾನು. ಖಾಲಾನ ಆಡನ್ನು ಸೇರಿಸಿಕೊಂಡರೆ ನಾಲ್ವರು. ಆಡು ತುಂಬಿದ ಗಬ್ಬ, ಹಾಗಾಗಿ ಐವರು ಅನ್ನಬೇಕೋ ಆರು ಮಂದಿ ಅನ್ನಬೇಕೋ ಎಂದು ಖಾಲಾ ದಾರಿಯುದ್ದಕ್ಕೂ ನಮ್ಮನ್ನು ನಗಿಸುತ್ತ ಬಂದರು.

ದೊಡ್ಡವ್ವನ ಕಣ್ಣಿಗೆ ಕರಿ ಕನ್ನಡಕ. ಪೊರೆ ತೆಗೆಸಿ ಇನ್ನೂ ವಾರ ತುಂಬಿರಲಿಲ್ಲ. ಬಗ್ಗಬಾರದು, ಧೂಳಿಗೆ ಹೋಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದನ್ನು ಅವಳು ತಲೆ ಆಡಿಸಿ ಕೇಳಿಕೊಂಡಿದ್ದಳು. ಹೊಲಕ್ಕೆ ಬರಬೇಡ ಎಂದು ನಾನು ಅಂದಾಗ, "ನಾ ಬಗ್ಗಂಗಿಲ್ಲ, ಎತ್ತಂಗಿಲ್ಲ. ನಿಂತು ಬಾಯಿಲೆ ಹೇಳತೀನಿ, ನೀ ಕೈಲೆ ಮಾಡು. ಡಾಕ್ಟರು ಬಾಯಿಗೇನು ಪಟ್ಟಿ ಕಟ್ಟಿಲ್ಲಲ್ಲ" ಎಂದಳು.

ಊರಿಗೆಲ್ಲ ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ, ಅಂದರೆ ಭೂಮಿತಾಯಿಗೆ ಎಡೆ ಚೆಲ್ಲುವ ರೂಢಿ. ಅದನ್ನು ದೊಡ್ಡವ್ವನೂ ಬಿಟ್ಟವಳಲ್ಲ. ಆದರೆ ಅದಲ್ಲದೆ ಇನ್ನೊಂದು ದಿನ ಅವಳಿಗೆ ಅವಳ ಅತ್ತೆಯ ಕಡೆಯಿಂದ ಬಂದಿದೆ. ಅದು ಪಂಚಾಂಗದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವಳ ಮನೆಯ ಕಟ್ಟೆಯ ಮೇಲೆ ಕುಳಿತರೆ ಗುಡ್ಡದ ಬಂಡೆಗಳು ಕಾಣುತ್ತವೆ. ದೀಪಾವಳಿ ಕಳೆದ ಮೇಲೆ ಸೂರ್ಯ ದಿನದಿನಕ್ಕೆ ಬಲಕ್ಕೆ ಸರಿಯುತ್ತ ಹುಟ್ಟುತ್ತಾನೆ. ಸರಿದು ಸರಿದು, ಮಲಗಿದ ಎಮ್ಮೆಯಂಥ ಒಂದು ಬಂಡೆಯ ಬೆನ್ನಿಗೆ ಬಂದು ನಿಲ್ಲುತ್ತಾನೆ. ನಾಲ್ಕೈದು ದಿನ ಅಲ್ಲೇ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹಗಲು ತೀರ ಸಣ್ಣದಾಗುವುದು ಆಗಲೇ. "ದಣಿದು ಕುಂತಾನ" ಎನ್ನುತ್ತಾಳೆ ದೊಡ್ಡವ್ವ. ಕುಳಿತವನನ್ನು ಎಬ್ಬಿಸಿ ಮನೆ ಕಡೆ ತಿರುಗಿಸಿ ಹೊಳ್ಳಿಸುವುದು ಹೊಲ ಇದ್ದವರ ಕೆಲಸವಂತೆ.

ಈ ಸಲ ಅವಳಿಗೆ ಬಂಡೆ ಕಾಣುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಖಾಲಾನನ್ನು ಕೂಗುತ್ತಿದ್ದಳಂತೆ.

"ಎಲ್ಲಿಗೆ ಬಂದಾನ?"

"ಎಮ್ಮಿ ಬಾಲದ ಹತ್ರ ಅದಾನಕ್ಕ."

"ಇನ್ನೂ ಬಾಲ ಹಿಡದಾನೇನು? ಬೆನ್ನ ಮ್ಯಾಲ ಕುಂತ ಮ್ಯಾಲ ಹೇಳು."

ಅವನು ಬೆನ್ನ ಮೇಲೆ ಕುಳಿತ ಸುದ್ದಿ ಖಾಲಾನಿಂದ ದೊಡ್ಡವ್ವನಿಗೆ, ದೊಡ್ಡವ್ವನಿಂದ ಫೋನಿನಲ್ಲಿ ನನಗೆ ಬಂತು. ಹಾಗೆ ನಾನು ಬಂದದ್ದು.

ಕೆಲಸ ದೊಡ್ಡದಲ್ಲ. ಐದು ಥರದ ಸೊಪ್ಪಿನ ನಾಲ್ಕು ಕಟ್ಟು ಕಟ್ಟಿ, ಹೊಲದ ನಾಲ್ಕು ಮೂಲೆಗೆ ಒಂದೊಂದರಂತೆ ಇಟ್ಟು ಮೇಲೊಂದು ಕಲ್ಲು ಹೇರಬೇಕು. ಬೇವು ರೋಗಕ್ಕೆ. ಬನ್ನಿ ಭೂಮಿಗೆ. ಉತ್ತರಾಣಿ ಕೆಟ್ಟ ಕಣ್ಣಿಗೆ, ಅದರ ಮುಳ್ಳು ಸೀರೆಗೆ ಅಂಟಿಕೊಳ್ಳುವ ಹಾಗೆ ಕಣ್ಣೂ ಅದಕ್ಕೇ ಅಂಟಿಕೊಂಡು ಉಳಿಯುತ್ತದಂತೆ. ಎಕ್ಕೆ ಸೂರ್ಯನ ಸ್ವಂತ ಗಿಡ. ಐದನೆಯದು ಹಳದಿ ಹೂವು ಬಿಟ್ಟ ತಂಗಡಿ. ಅದು ಅವನ ಬಣ್ಣ. ದೂರದಿಂದ ಅವನಿಗೆ ದಾರಿ ಕಾಣಲಿ ಎಂದು. ಕೀಳುವ ಮೊದಲು ಗಿಡವನ್ನು ಮುಟ್ಟಿ ಕೇಳಬೇಕು. ಕಟ್ಟು ಇಡುವಾಗ ಹೇಳಬೇಕು: "ಹ್ವಾದ ಹೊತ್ತೇ ಹೊಳ್ಳಿ ಬಾ, ಹೊಲದ ತೆನಿಗೆ ಹಾಲಾಗಿ ಬಾ." ನಾಲ್ಕನೆಯ ಮೂಲೆ ಮುಗಿದ ಮೇಲೆ ಮನೆ ಮುಟ್ಟುವವರೆಗೂ ಹಿಂದಕ್ಕೆ ತಿರುಗಿ ನೋಡುವಂತಿಲ್ಲ. ಯಾಕೆ ಎಂದು ಸಣ್ಣವಳಿದ್ದಾಗ ಕೇಳಿದ್ದೆ. "ಹೊಳ್ಳೋ ಕೆಲಸ ಅವಂದು, ನಮ್ಮದಲ್ಲ" ಎಂದಿದ್ದಳು.

ಈ ಕಟ್ಟಳೆಯಲ್ಲಿ ಖಾಲಾನಿಗೂ ಒಂದು ಕೆಲಸವಿದೆ. ಸೊಪ್ಪು ಅವರು ಮುಟ್ಟುವುದಿಲ್ಲ, ಮಾತು ಹೇಳುವುದಿಲ್ಲ. ಆದರೆ ಕಟ್ಟಳೆ ಅವರದಲ್ಲವಲ್ಲ, ಹಾಗಾಗಿ ಅವರು ಹಿಂದಕ್ಕೆ ನೋಡಬಹುದು. ಎಷ್ಟೋ ವರ್ಷಗಳಿಂದ ಅವರು ನಮ್ಮ ಹಿಂದೆ ನಡೆದು, ತಿರುಗಿ ನೋಡಿ, ಕಟ್ಟು ಇದ್ದಲ್ಲೇ ಇದೆಯೋ ಇಲ್ಲವೋ ವರದಿ ಕೊಡುತ್ತಾರೆ.

ಆ ವರ್ಷ ಬದುವಿನ ಮೇಲೆ ತಂಗಡಿ ಇರಲಿಲ್ಲ. ಬೇಸಿಗೆಯಲ್ಲಿ ಹೊಲದ ದಾರಿ ಅಗಲ ಮಾಡಲು ಬಂದ ಜೆಸಿಬಿ ಅದನ್ನು ಬುಡಸಮೇತ ಎತ್ತಿ ಹಾಕಿತ್ತು. "ಬರೋವಾಗ ದಾರ್ಯಾಗ ತಂಗಡಿ ಕಂಡ್ರ ನಾಕು ಟೊಂಗಿ ಮುರಕೊಂಡು ಬಾ" ಎಂದು ದೊಡ್ಡವ್ವ ಫೋನಿನಲ್ಲಿ ಹೇಳಿದ್ದಳು. ತಂಗಡಿ ಕಂಡಿತು ಎಂದು ಬಸ್ಸು ನಿಲ್ಲಿಸುವ ಡ್ರೈವರು ಬಳ್ಳಾರಿ ಡಿಪೋದಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮ ಮನೆಯ ಕಾಂಪೌಂಡಿನಲ್ಲಿ ಹಳದಿ ಕಣಗಿಲೆ ಮೈತುಂಬ ಅರಳಿ ನಿಂತಿತ್ತು. ದಿನಾ ಬೆಳಿಗ್ಗೆ ನಾನು ಲಿಂಗದ ತಲೆಯ ಮೇಲೆ ಇಡುವುದು ಅದೇ ಹೂವು. ದೇವರ ತಲೆಗೆ ಏರುವ ಹೂವು ಹೊಲದ ಮೂಲೆಗೆ ಆಗದೇನು ಎಂದುಕೊಂಡೆ. ಬಣ್ಣ ತಾನೇ ಮುಖ್ಯ. ಎಲೆ ಹೂವು ಎರಡೂ ಇರುವ ಹನ್ನೆರಡು ಕಡ್ಡಿ ಮುರಿದು ಬಟ್ಟೆಯ ಚೀಲಕ್ಕೆ ಹಾಕಿದೆ, ಕಟ್ಟಿಗೆ ಮೂರು.

ಬೆಳಿಗ್ಗೆ ಮನೆಯಲ್ಲಿ ನಾನು ಕಟ್ಟು ಕಟ್ಟುವಾಗ ದೊಡ್ಡವ್ವ ಕೇಳಿದ್ದಳು: "ಹಳದಿ ಹೂವ ಐತಿಲ್ಲೋ?"

"ಐತಿ" ಎಂದೆ. ಅಷ್ಟೇ ಕೇಳಿದಳು, ಅಷ್ಟೇ ಹೇಳಿದೆ.

ಬಿಳಿಜೋಳ ಎದೆಯುದ್ದ ನಿಂತಿತ್ತು, ತೆನೆಗೆ ಹಾಲು ತುಂಬುವ ಕಾಲ. ದನ ನುಗ್ಗದಿರಲಿ ಎಂದು ಸುತ್ತಲೂ ಹಾಕಿದ್ದ ಕುಸುಬೆಯ ಮುಳ್ಳು ಸೀರೆ ಎಳೆಯುತ್ತಿತ್ತು. ದೊಡ್ಡವ್ವ ಖಾಲಾನ ತೋಳು ಹಿಡಿದು ಬದುವಿನ ಮೇಲೆ ಬಂದಳು, ಪ್ರತಿ ಮೂಲೆಯಲ್ಲೂ ಗುಡ್ಡದ ಕಡೆ ಮುಖ ಮಾಡಿ ಮಾತು ಹೇಳಿದಳು. ನಾನು ಬಗ್ಗಿ ಕಟ್ಟು ಇಟ್ಟು ಕಲ್ಲು ಹೇರಿದೆ. ಮೂಡಣ ಮೂಲೆ ಕೊನೆಯದು. ಅದನ್ನೂ ಮುಗಿಸಿ ಮೂವರೂ ಊರ ಕಡೆ ಮುಖ ತಿರುಗಿಸಿದೆವು.

ಇಪ್ಪತ್ತು ಹೆಜ್ಜೆ ಹೋಗಿರಬಹುದು. ಖಾಲಾ ತಮ್ಮ ಕೆಲಸಕ್ಕೆ ತಿರುಗಿದರು.

"ಅಕ್ಕ, ನಿನ್ನ ಕಟ್ಟಿಗೆ ನನ್ನ ಆಡು ಬಾಯಿ ಹಾಕೇತಿ ನೋಡು."

"ತಿನ್ಲಿ ಬಿಡು. ಗಬ್ಬದ್ದು. ಅದರ ಹೊಟ್ಟ್ಯಾಗೂ ಒಂದೀಟು ಬೆಳಕ ಹೋಗಲಿ."

"ಬೆಳಕ ತಿಂದು ಈದ್ರ ಮರಿಗೆ ಬ್ಯಾಟರಿ ಹಾಕೋದು ಬ್ಯಾಡ ಹಂಗಾದ್ರ."

ನಗುತ್ತಲೇ ದೊಡ್ಡವ್ವ ನನ್ನನ್ನು ಕೇಳಿದಳು: "ಅಂದಂಗ ತಂಗಡಿ ಎಲ್ಲಿ ಸಿಕ್ತವಾ ನಿನಗ?"

"ತಂಗಡಿ ಸಿಗಲಿಲ್ಲ ದೊಡ್ಡವ್ವ. ಮನಿ ಮುಂದಿನ ಹಳದಿ ಕಣಗಿಲೆ ತಂದೀನಿ."

ಅವಳ ಕೈ ಖಾಲಾನ ತೋಳಿನಿಂದ ಜಾರಿತು. "ಬರೇ ಹೂವೋ, ಎಲೀನೂ ಐತೋ?"

"ಎಲೀನೂ ಐತಿ."

"ಲೇ ಹುಚ್ಚಿ, ಅದು ವಿಷ."

ಮುಂದೆ ಆದದ್ದನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಕಟ್ಟಳೆಯ ದಿನ ಒಮ್ಮೆಯೂ ಹಿಂದಕ್ಕೆ ನೋಡದವಳು ಗರಕ್ಕನೆ ತಿರುಗಿದಳು. ತಿರುಗಿ, ಕರಿ ಕನ್ನಡಕದಲ್ಲಿ ದಾರಿಯೂ ಸರಿಯಾಗಿ ಕಾಣದೆ, ಬದುವಿನ ಮೇಲೆ ಓಡಿದಳು. ನಾವು ಮುಟ್ಟುವಷ್ಟರಲ್ಲಿ ಆಡಿನ ಕೊರಳು ಹಿಡಿದು ಬಗ್ಗಿ ಅದರ ಬಾಯಿಯೊಳಗೆ ಬೆರಳು ಹಾಕುತ್ತಿದ್ದಳು. ಬಂದದ್ದು ಬನ್ನಿಯ ಎಲೆ.

ಕಟ್ಟು ಬಿಚ್ಚಿಹೋಗಿತ್ತು. ಬೇವು ಅರ್ಧ ಇಲ್ಲ, ಬನ್ನಿ ಪೂರ್ತಿ ಇಲ್ಲ. ಎಕ್ಕೆ ಹಾಗೇ ಇತ್ತು. ಕಣಗಿಲೆ ಕಡ್ಡಿ ಎಣಿಸಿದೆ. ಎರಡು ಇದ್ದವು.

"ಎಷ್ಟಿಟ್ಟಿದ್ದಿ?" ದೊಡ್ಡವ್ವ ಕೇಳಿದಳು.

"ಮೂರು."

ಖಾಲಾ ಸೆರಗಿನಿಂದ ಆಡಿನ ಬಾಯಿ ಒರೆಸತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಆಡಿನ ವಿಚಾರ ನನಗೆ ಗೊತ್ತಿತ್ತು. ಅವರ ಮಗಳು ಬಾಣಂತನಕ್ಕೆ ಬಂದು ತವರಲ್ಲಿದ್ದಳು. ಕೂಸು ಮೂರು ತಿಂಗಳದು. ತವರಿನಿಂದ ಮಗಳು ಕೂಸು ಎತ್ತಿಕೊಂಡು ಗಂಡನ ಮನೆಗೆ ಹೊರಡುವಾಗ ಜೊತೆಗೆ ಹಾಲು ಕರೆಯುವ ಆಡು ಕಳಿಸುವುದು ಖಾಲಾನ ಮನೆತನದ ಪದ್ಧತಿ. ಅವರವ್ವ ಅವರಿಗೆ ಕಳಿಸಿದ್ದರು. ಈ ಆಡು ಈಯಲಿ, ಆಮೇಲೆ ಸಿರುಗುಪ್ಪಕ್ಕೆ ಹೋಗಲಿ ಎಂದು ಮಗಳನ್ನು ನಿಲ್ಲಿಸಿಕೊಂಡಿದ್ದರು. ಅದನ್ನು ಮರಿಯಿದ್ದಾಗಿನಿಂದ ಕೈಯಾರೆ ಮೇಯಿಸಿ ಬೆಳೆಸಿದವರು ಅವರೇ.

ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನು ಹಚ್ಚಿದೆ.

"ಎಷ್ಟು ತಿಂದೈತ್ರಿ?"

"ಒಂದು ಕಡ್ಡಿ ಕಾಣವಲ್ದು ಸರ್. ತಿಂದೈತೋ ಇಲ್ಲೋ ಗೊತ್ತಿಲ್ಲ."

"ನಾನು ದೂರ ಅದೀನ್ರಿ, ಬರಾಕ ಮಧ್ಯಾಹ್ನ ಆಕ್ಕತಿ. ಅದನ್ನ ಓಡಸಬ್ಯಾಡ್ರಿ, ನಡಸಬ್ಯಾಡ್ರಿ, ನೆರಳಾಗ ಕುಂದರಸ್ರಿ. ಜೊಲ್ಲು ಸುರಿಸಿದ್ರ, ನಡುಗಿದ್ರ ತಕ್ಷಣ ಫೋನ್ ಮಾಡ್ರಿ."

ಬನ್ನಿ ಮರದ ಕೆಳಗೆ ಕುಳಿತೆವು. ಆಡು ನಡುವೆ, ನಾವು ಮೂರು ಕಡೆ. ಅದಕ್ಕೆ ಮಾತ್ರ ಯಾವ ಚಿಂತೆಯೂ ಇರಲಿಲ್ಲ. ಅದು ಕೆಮ್ಮಿದರೆ ನಾನು ಬಗ್ಗಿ ಅದರ ಬಾಯಲ್ಲಿ ಜೊಲ್ಲು ಇದೆಯೋ ನೋಡುತ್ತಿದ್ದೆ. ಖಾಲಾ ಅದರ ಹೊಟ್ಟೆಯ ಮೇಲೆ ಕೈಯಿಟ್ಟು ಒಳಗಿನ ಮರಿ ಅಲುಗುತ್ತದೋ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ದುವಾ ಇರಬೇಕು. ಅದು ಮುಗಿಸಿ ಅಂದರು: "ಇವತ್ತು ಸಣ್ಣ ಹಗಲಂತ. ಇದರಷ್ಟು ಉದ್ದನ ಹಗಲು ನಾ ಕಂಡಿಲ್ಲ."

"ತಪ್ಪಾತು ಖಾಲಾ" ಎಂದೆ.

"ನಿನ್ನದಲ್ಲವಾ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗೊತ್ತಿದ್ದೂ ಹಗ್ಗ ಹಾಕಲಿಲ್ಲ ನಾನು."

ದೊಡ್ಡವ್ವ ಕೇಳಿಸಿಕೊಂಡು, "ತಪ್ಪು ನನ್ನದು. ಹಳದಿ ಐತೇನು ಅಂತ ಕೇಳಿದ್ನಿ, ಯಾವುದು ಅಂತ ಕೇಳಲಿಲ್ಲ. ಐವತ್ತು ವರ್ಷ ಮೂಗಿಲೆ ಮೂಸಿ ಕಟ್ಟಿದಾಕಿ, ಇವತ್ತೊಂದಿನ ಮೂಸಲಿಲ್ಲ" ಎಂದಳು. ತಪ್ಪು ನನ್ನದು ನನ್ನದು ಎಂದು ಇಬ್ಬರೂ ಜಗ್ಗಾಡುತ್ತಿದ್ದರು, ಮಾಡಿದವಳು ನಾನು.

ಬಿಸಿಲು ನೆತ್ತಿಗೆ ಬಂದಾಗ ನೀರೂ ರೊಟ್ಟಿಯೂ ತರಲು ನಾನು ಮನೆಗೆ ಹೋದೆ. ದೊಡ್ಡವ್ವನ ಕಣ್ಣಿಗೆ ಹಾಕುವ ಹನಿಯೂ ಬೇಕಿತ್ತು. ಎಲ್ಲ ಇಟ್ಟುಕೊಳ್ಳಲು ಗೂಟದಲ್ಲಿದ್ದ ನನ್ನ ಬಟ್ಟೆಯ ಚೀಲ ತೆಗೆದೆ. ರೊಟ್ಟಿಗೆ ಮಣ್ಣಾಗದಿರಲಿ ಎಂದು ಮೊದಲು ಅದನ್ನು ಅಂಗಳದಲ್ಲಿ ಬೋರಲು ಮಾಡಿ ಝಾಡಿಸಿದೆ. ಹೊಲಿಗೆಯ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಕಡ್ಡಿ ಕೆಳಗೆ ಬಿತ್ತು. ಬಾಡಿದ ನಾಲ್ಕು ಎಲೆ, ಒಂದು ಹಳದಿ ಮೊಗ್ಗು.

ರೊಟ್ಟಿ ನೀರು ಮರೆತು ಮಿಕ್ಕ ಮೂರು ಮೂಲೆಗೆ ಓಡಿದೆ. ಕಲ್ಲೆತ್ತಿ ಕಟ್ಟು ಬಿಚ್ಚಿದೆ. ಮೂರು, ಮೂರು, ಮೂರು. ಕೊನೆಯ ಕಟ್ಟಿಗೆ ನಾನು ಹಾಕಿದ್ದೇ ಎರಡು.

ಬನ್ನಿ ಮರದ ಹತ್ತಿರ ಓಡಿ ಬಂದು, "ಚೀಲದಾಗ ಉಳದಿತ್ತು" ಎಂದೆ. ಕಡ್ಡಿ ಎತ್ತಿ ತೋರಿಸಿದೆ. ಖಾಲಾ ಅದನ್ನು ಇಸಿದುಕೊಂಡು, ತಿರುಗಿಸಿ ನೋಡಿ, ನೆಲಕ್ಕೆ ಹಾಕಿ ಚಪ್ಪಲಿಯಿಂದ ಹೊಸಕಿದರು. ಆಮೇಲೆ ನನ್ನ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. ಇಬ್ಬರಿಗೂ ನಗು ಬಂತು, ಅಳುವೂ ಬಂತು. ದೊಡ್ಡವ್ವ, "ಅಳಬ್ಯಾಡ್ರಿ, ನಿಮ್ಮನ್ನ ನೋಡಿ ನನಗೂ ಬಂದ್ರ ಡಾಕ್ಟರು ಬೈತಾರ" ಎಂದು ಕನ್ನಡಕ ಸರಿಮಾಡಿಕೊಂಡಳು.

ಅಷ್ಟಾದರೂ ಖಾಲಾ ಎದ್ದೇಳಲಿಲ್ಲ. ಕಡ್ಡಿ ಸಿಕ್ಕಿರಬಹುದು, ಎಲೆ ಒಂದೆರಡು ಉದುರಿ ಹೋಗಿದ್ದರೆ? ಡಾಕ್ಟರು ಗಾಡಿಯ ಮೇಲೆ ಬಂದು, ಆಡಿನ ಎದೆ ಕೇಳಿ, ಕಣ್ಣು ಬಿಡಿಸಿ ನೋಡಿ, ಏನೂ ಇಲ್ಲ ಎಂದರು. ಅವರ ಮಾತಿಗಿಂತ ಖಾಲಾ ನಂಬಿದ್ದು ಆಮೇಲಿನದನ್ನು: ಆಡು ಕಾಲು ಮಡಿಚಿ ಮಲಗಿ, ಕಣ್ಣು ಅರ್ಧ ಮುಚ್ಚಿ, ಮೆಲುಕು ಹಾಕತೊಡಗಿತು. "ಹಾಂ, ಈಗ ಏಳ್ರಿ" ಎಂದರು.

ಕಣಗಿಲೆಯನ್ನೆಲ್ಲ ಆಯ್ದು ಮಣ್ಣಿನಲ್ಲಿ ಆಳಕ್ಕೆ ಹೂತೆವು. ನಾನು ಇನ್ನೊಂದು ಭಯದಲ್ಲಿದ್ದೆ.

"ದೊಡ್ಡವ್ವ, ನೀ ಹೊಳ್ಳಿ ನೋಡಿದಿ."

"ನೋಡಿದ್ನಿ."

"ಈಗೇನು ಮಾಡೋದು?"

"ಏನು ಮಾಡೋದು, ನಾಳೆ ಮತ್ತ ಕಟ್ಟೋದು. ಅವನೇನು ಎದ್ದು ಹೋಗ್ಯಾನೇನು? ಇನ್ನ ಎರಡು ದಿನ ಅಲ್ಲೇ ಕುಂತಿರತಾನ. ಸೂರ್ಯಗ ಅವಸರ ಇಲ್ಲ, ನಿನಗ ಯಾಕ?"

ಖಾಲಾನ ಗಂಡನಿಗೆ ಗಾದಿ ಹೊಲಿಯುವ ಕೆಲಸ. ಅವತ್ತು ಸಿರುಗುಪ್ಪಕ್ಕೆ ಹೋಗಿದ್ದರು. ಖಾಲಾ ಅವರಿಗೆ ಫೋನು ಮಾಡಿ, ಸಿರಿಗೇರಿ ಕ್ರಾಸಿನ ಹತ್ತಿರ ತಂಗಡಿ ಇದೆ, ತನ್ನಿರಿ ಎಂದರು. "ತಂಗಡೀನ ಆಗಬೇಕು. ಬ್ಯಾರೆ ಹಳದಿ ತಂದ್ರ ಮನ್ಯಾಗ ಊಟ ಇಲ್ಲ" ಎಂದು ಸೇರಿಸಿದರು. ಆ ಸಂಜೆ ಅವರು ಸ್ಕೂಟರಿನ ಮುಂದೆ ಒಂದು ಹೊರೆ ತಂಗಡಿ ಇಟ್ಟುಕೊಂಡು ಬಂದರು. ಹೊರೆಯ ಮೇಲೆ ಅವರ ಮುಖ ಮಾತ್ರ ಕಾಣುತ್ತಿತ್ತು. ಮರುದಿನ ದೊಡ್ಡವ್ವ ಒಂದೊಂದೇ ಕಡ್ಡಿಯನ್ನು ಮೂಗಿಗೆ ಹಿಡಿದು ಮೂಸಿ ನನ್ನ ಕೈಗೆ ಕೊಟ್ಟಳು. ಆಡು ಮನೆಯಲ್ಲಿ ಗೂಟಕ್ಕಿತ್ತು. ನಾಲ್ಕು ಮೂಲೆ ಮುಗಿಸಿ ನಾವು ತಿರುಗಿ ನೋಡದೆ ಮನೆಗೆ ಬಂದೆವು.

ಸಂಕ್ರಾಂತಿ ಕಳೆದು ನಾಲ್ಕು ದಿನಕ್ಕೆ ಆಡು ಈಯಿತು. ಎರಡು ಹೆಣ್ಣು ಮರಿ. ಹಾಲು ಕುದುರಲಿ ಎಂದು ಮೂರು ವಾರ ಬಿಟ್ಟು, ಒಂದು ಗುರುವಾರ ಬೆಳಿಗ್ಗೆ ಖಾಲಾನ ಮಗಳು ಕೂಸನ್ನು ಎತ್ತಿಕೊಂಡು ಗೂಡ್ಸ್ ಆಟೋದ ಮುಂದಿನ ಸೀಟಿನಲ್ಲಿ ಕುಳಿತಳು. ಹಿಂದೆ ಹುಲ್ಲು ಹಾಸಿ ಆಡನ್ನೂ ಮರಿಗಳನ್ನೂ ಹತ್ತಿಸಿದರು. ಮರಿ ಹಿಡಿದುಕೊಳ್ಳಲು ಒಬ್ಬರು ಬೇಕೆಂದು, ಬಳ್ಳಾರಿಯಿಂದ ಬಂದಿದ್ದ ನಾನೂ ಹತ್ತಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಸಿರುಗುಪ್ಪ ಮುಟ್ಟಿದೆವು.