ತೂತಿಲ್ಲದ ಕಂಟೇನರ್

ದೇವೀರಪ್ಪನ ಮುಖ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ. ಕ್ಷಮಿಸಿಬಿಡಬೇಕು, ಮರೆತುಬಿಡಬೇಕು ಎಂದು ಉಪದೇಶ ಮಾಡುವವರಿಗೆ ಊರಿನವರು ಅಡ್ಡಹೆಸರು ಇಟ್ಟಿರುವುದಿಲ್ಲ. ವಿಶಾಲಮ್ಮನಿಗೆ ಇಟ್ಟಿದ್ದರು. ಅರಸೀಕೆರೆಯ ಕೊಬ್ಬರಿ ಯಾರ್ಡಿನಲ್ಲಿ ಒಂಬತ್ತು ವರ್ಷ ಅವಳು ‘ತೂತು ಡಬ್ಬದ ವಿಶಾಲಮ್ಮ’ ಆಗಿದ್ದಳು. ಆ ಹೆಸರು ಇಟ್ಟವನು ದೇವೀರಪ್ಪ.

ವಿಶಾಲಮ್ಮ ಲಾರಿ ಬುಕಿಂಗ್ ಮಾಡುವವಳು. ಯಾರ್ಡಿನ ಗೇಟಿನ ಪಕ್ಕ ಅವಳ ಆಫೀಸು: ಒಂದು ಮೇಜು, ಎರಡು ಫೋನು, ಬಂದವರಿಗೆ ಒಂದು ಸ್ಟೂಲು. ಎದುರಿಗೇ ವೇಬ್ರಿಡ್ಜು. ಅಲ್ಲಿ ಲಾರಿ ತೂಗಿ ಚೀಟಿ ಹರಿದು ಕೊಡುವ ಉಮಾಶಂಕರ್ ನಾನು. ಅವಳ ತವರು ಹಳೇಬೀಡು. ತಂದೆ ಕರಿಬಸವಯ್ಯ ಬೇಲೂರು ಕಡೆಯ ಶುಂಠಿ, ಆಲೂಗಡ್ಡೆ ಸಾಗಿಸುತ್ತಿದ್ದ ಡ್ರೈವರು. ಶಾಲೆಗೆ ರಜೆ ಬಂದರೆ ಮಗಳು ಅಪ್ಪನ ಪಕ್ಕ ಕ್ಯಾಬಿನ್ನಿನಲ್ಲಿರುತ್ತಿದ್ದಳು. “ಮಾಲಿಗೂ ಉಸ್ರು ಐತೆ ಕಣವ್ವ, ಮೂಗು ಮುಚ್ಚಿದ್ರೆ ಕೊಳೀತದೆ” ಎಂದು ಆತ ಹೇಳಿಕೊಟ್ಟದ್ದನ್ನು ಅವಳು ಮರೆಯಲಿಲ್ಲ.

ಬೇರೆ ಏಜೆಂಟರು ಎಷ್ಟು ಟನ್ನು, ಯಾವ ಊರು ಎಂದು ಕೇಳಿ ಕೈಗೆ ಸಿಕ್ಕ ಗಾಡಿ ಕಳಿಸುತ್ತಾರೆ. ಇವಳು ಎದ್ದು ಹೋಗಿ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸುತ್ತಾಳೆ. ಬಿಸಿ ತಗುಲಿತೋ, ತಂಪು ತಗುಲಿತೋ ನೋಡಿ ಆಮೇಲೆ ಗಾಡಿಯ ಮಾತು. ಹಳೇಬೀಡಿನಿಂದ ಕಲ್ಲಿನ ವಿಗ್ರಹ ಹೋಗಬೇಕೆಂದರೆ ದೊಡ್ಡ ಲಾರಿ ಬೇಡ ಎನ್ನುತ್ತಿದ್ದಳು. ಖಾಲಿ ಲಾರಿ ಕುಣಿಯುತ್ತದೆ, ಮೂಗು ಕಿವಿ ಮುರಿಯುತ್ತದೆ, ಸಣ್ಣ ಟೆಂಪೋದಲ್ಲಿ ಭತ್ತದ ಹುಲ್ಲು ಹಾಸಿ ಮಲಗಿಸಿ ಎಂದು ಕಳಿಸುತ್ತಿದ್ದಳು. ಒಂದು ಮೂಗೂ ಮುರಿದು ಬರಲಿಲ್ಲ.

ಒಂಬತ್ತು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ಕೊಬ್ಬರಿ ವ್ಯಾಪಾರಿ ದೇವೀರಪ್ಪ ದೆಹಲಿಗೆ ಮಾಲು ಕಳಿಸಲು ಬಂದ. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂರಬೇಕು. ಇವನು ಆತುರದವನು, ಏಳನೇ ತಿಂಗಳಿಗೇ ಒಡೆಸಿದ್ದ. ವಿಶಾಲಮ್ಮ ಚೀಲದಿಂದ ಕೈ ತೆಗೆದು ಹೇಳಿದಳು: “ಸಾವ್ಕಾರ್ರೇ, ಇನ್ನೂ ಹಸಿ ಐತೆ. ಟಾರ್ಪಾಲ್ ಕಟ್ಟೋ ಲಾರೀಲಿ ಕಳ್ಸನ, ಗಾಳಿ ಆಡ್ಲಿ. ಕಂಟೇನರ್ ಬ್ಯಾಡ.”

“ಗಾಡಿ ಕೊಡು ಅಂದ್ರೆ ಗಾಡಿ ಕೊಡಮ್ಮ, ಪಾಠ ಹೇಳ್ಬ್ಯಾಡ” ಎಂದ. ದೆಹಲಿಗೆ ವಾಪಸು ಹೋಗುವ ಕಂಟೇನರ್ ಸಸ್ತಾ ಸಿಗುತ್ತಿತ್ತು, ಅವನ ಹಟಕ್ಕೆ ಅವಳು ಅದನ್ನೇ ಬುಕ್ ಮಾಡಿಕೊಟ್ಟಳು. ಮಾಲು ದೆಹಲಿ ಮುಟ್ಟುವಷ್ಟರಲ್ಲಿ ಹಸಿರು ಬೂಷ್ಟು ಹಿಡಿದಿತ್ತು.

ಹರಾಜಿನ ದಿನ, ಯಾರ್ಡು ತುಂಬಿದ್ದಾಗ, ಆತ ಕೂಗಾಡಿದ. ಇವಳು ತೂತು ಡಬ್ಬ ಕಳಿಸಿ ನನ್ನ ಕೊಬ್ಬರಿಗೆ ಮಳೆ ನೀರು ಕುಡಿಸಿದಳು ಎಂದ. ಡಿಸೆಂಬರಿನಲ್ಲಿ ಎಲ್ಲಿಯ ಮಳೆ? ಯಾರೂ ಕೇಳಲಿಲ್ಲ. ಅವಳು ಬೇಡವೆಂದದ್ದನ್ನು ಹತ್ತಡಿ ದೂರದಲ್ಲಿ ನಿಂತು ಕೇಳಿಸಿಕೊಂಡಿದ್ದ ನಾನೂ ಬಾಯಿ ಬಿಡಲಿಲ್ಲ. ದೇವೀರಪ್ಪನ ಲಾರಿಗಳೆಲ್ಲ ನನ್ನ ವೇಬ್ರಿಡ್ಜಿಗೇ ಬರುತ್ತಿದ್ದವು, ಅಷ್ಟೇ ಕಾರಣ. ನನ್ನ ಹೇಡಿತನಕ್ಕೆ ಇನ್ನೊಂದು ಹೆಸರು ಹುಡುಕುವುದಿಲ್ಲ.

ಆ ಹೆಸರು ಅಂಟಿಕೊಂಡಿತು. ಕೊಬ್ಬರಿಯವರು ಅವಳ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಇಟ್ಟಿಗೆ, ಹಿಂಡಿ, ಮಾಲೇಕಲ್ಲಿನ ಜಾತ್ರೆಗೆ ಹೋಗುವ ಶಾಮಿಯಾನದ ಸಾಮಾನು, ಸಿಕ್ಕಿದ್ದನ್ನು ಸಾಗಿಸಿ ಆಫೀಸಿನ ಬಾಗಿಲು ತೆರೆದಿಟ್ಟಳು. ಅವಳ ಬೆನ್ನ ಹಿಂದೆ ಹಮಾಲಿಗಳು “ಏನ್ಲಾ, ತೂತು ಡಬ್ಬ ಬಂತಾ?” ಎಂದು ನಗುತ್ತಿದ್ದರು. ಒಂದು ದಿನ ನನ್ನ ಮುಂದೆ ಟೀ ಲೋಟ ಕುಕ್ಕಿ ಹೇಳಿದಳು: “ಅದೇ ಯಾರ್ಡಲ್ಲಿ, ಅದೇ ಬಾಯಿಂದ ಹೇಳಿಸ್ತೀನಿ ಅಣ್ಣ. ಅಲ್ಲೀವರ್ಗೂ ಈ ಊರು ಬಿಡಲ್ಲ.”

ಇತ್ತ ದೇವೀರಪ್ಪ ತನ್ನ ಸುಳ್ಳನ್ನು ಹೇಳಿ ಹೇಳಿ ತಾನೇ ನಂಬಿಬಿಟ್ಟಿದ್ದ. ತೂತಿನಿಂದಲೇ ಮಾಲು ಕೆಟ್ಟಿತು, ಗಟ್ಟಿ ಕಂಟೇನರ್ ಆಗಿದ್ದರೆ ಏನೂ ಆಗುತ್ತಿರಲಿಲ್ಲ ಎಂದು ಮದುವೆ ಮನೆಗಳಲ್ಲೂ ಹೇಳುತ್ತಿದ್ದ.

ಹೋದ ಡಿಸೆಂಬರಿನಲ್ಲಿ ಲಾರಿಗಳಿಗೆ ಬರ ಬಂತು. ದೆಹಲಿಯ ಖರೀದಿದಾರನಿಗೆ ಮದುವೆ ಸೀಸನ್ನಿನ ಆತುರ. ಈ ಸಲವೂ ಕಾಯಿ ಬೇಗ ಒಡೆಸಿದ್ದ ದೇವೀರಪ್ಪ ಊರೆಲ್ಲ ಸುತ್ತಿ ಕೊನೆಗೆ ವಿಶಾಲಮ್ಮನ ಬಾಗಿಲಿಗೆ ಬಂದ. ಅವಳ ಹತ್ತಿರ ಎರಡು ಗಾಡಿ ಇದ್ದವು. ಒಂದು ಟಾರ್ಪಾಲಿನ ಲಾರಿ. ಇನ್ನೊಂದು ಫ್ರಿಜ್ಜುಗಳನ್ನು ಇಳಿಸಿ ಖಾಲಿ ನಿಂತಿದ್ದ ಹೊಸ ಕಂಟೇನರ್. ಅವಳು ಎರಡನ್ನೂ ತೋರಿಸಿದಳು. ಚೀಲದಲ್ಲಿ ಕೈ ಇಳಿಸಿದಳು, ತೆಗೆದಳು, ಸೆರಗಿಗೆ ಒರೆಸಿಕೊಂಡಳು. ಏನೂ ಹೇಳಲಿಲ್ಲ.

“ಕಂಟೇನರೇ ಇರ್ಲಿ. ಆದ್ರೆ ಈ ಸಲ ನಾನೇ ನೋಡ್ತೀನಿ ಕಣಮ್ಮ, ನಿನ್ನ ನಂಬಲ್ಲ” ಎಂದ ದೇವೀರಪ್ಪ. ತೂತಿದ್ದರೆ ಬೆಳಕು ಕಾಣುತ್ತದೆ ಎಂದು ತಾನೇ ಒಳಗೆ ಹೋಗಿ ಬಾಗಿಲು ಹಾಕಿಸಿಕೊಂಡ. ಮಧ್ಯಾಹ್ನದ ಬಿಸಿಲು. ಐದು ನಿಮಿಷ ಬಿಟ್ಟು ಹೊರಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.

“ಒಂದು ಸೂಜಿ ತೂತೂ ಇಲ್ಲ” ಎಂದ, ಗೆದ್ದವನ ದನಿಯಲ್ಲಿ.

“ಒಳ್ಗೆ ಸೆಖೆ ಆಯ್ತಾ ಸಾವ್ಕಾರ್ರೇ?”

“ಬೆವ್ತು ನೀರಾಗೋದೆ” ಎಂದು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

ಅವಳು ಅವನ ಒದ್ದೆ ಟವೆಲನ್ನೇ ನೋಡಿದಳು. ಬುದ್ಧಿ ಇದ್ದವನಿಗೆ ಅಷ್ಟು ಸಾಕಿತ್ತು. ಇವನು ಬಾಗಿಲ ಸಂದಿಗೆ ಗಮ್ ಟೇಪ್ ಬೇರೆ ಅಂಟಿಸಿ ಎಂದು ಹಮಾಲಿಗಳಿಗೆ ಹೇಳುತ್ತಿದ್ದ. ವಿಶಾಲಮ್ಮ ಬುಕಿಂಗ್ ಚೀಟಿ ಮುಂದಿಟ್ಟಳು. “ನೀವೇ ಆರಿಸಿದ್ದು, ನೀವೇ ನೋಡಿದ್ದು ಅಂತ ನಿಮ್ ಕೈಯಾಗೇ ಬರೀರಿ.” ಅವನು ಖುಷಿಯಿಂದ ದಪ್ಪ ಅಕ್ಷರದಲ್ಲಿ ಬರೆದು ಸಹಿ ಹಾಕಿದ.

ಹಾರನಹಳ್ಳಿಯ ರೈತ ಸಣ್ಣಯ್ಯ ತನ್ನ ಮೂವತ್ತು ಚೀಲವನ್ನೂ ಅದೇ ಕಂಟೇನರಿಗೆ ಏರಿಸಲು ತಂದಿದ್ದ. ಅಟ್ಟದಲ್ಲಿ ವರ್ಷ ಪೂರ್ತಿ ಒಣಗಿದ ಮಾಲು. ವಿಶಾಲಮ್ಮ ಅಡ್ಡ ನಿಂತಳು. “ನಿಂದು ಇದ್ರಲ್ಲಿ ಬ್ಯಾಡ ಸಣ್ಣಯ್ಯ. ಆ ಲಾರೀಗೆ ಹಾಕ್ಸು. ಅದೂ ಈಗ್ಲೇ ದಿಲ್ಲೀಗೇ ಹೊಂಟೈತೆ.”

ಸಣ್ಣಯ್ಯ ಮಿಕಮಿಕ ನೋಡಿದ. ದೇವೀರಪ್ಪ ನಕ್ಕ, ತನಗೆ ಜಾಗ ಜಾಸ್ತಿಯಾಯಿತು ಎಂದ. ಅವಳ ಲೆಕ್ಕ ನನಗೆ ಅರ್ಥವಾಗಿತ್ತು. “ವಿಶಾಲಮ್ಮ...” ಎಂದು ಬಾಯಿ ತೆರೆದೆ.

“ನೀವು ತೂಕದ ಚೀಟಿ ಹರೀರಿ ಅಣ್ಣ” ಎಂದಳು. ಹರಿದು ಕೊಟ್ಟೆ. ಒಂದೇ ಮಧ್ಯಾಹ್ನ ಎರಡೂ ಗಾಡಿ ಹೊರಟವು.

ಎಂಟನೇ ದಿನ ದೆಹಲಿಯಿಂದ ಫೋಟೋಗಳು ಬಂದವು. ಕಂಟೇನರಿನ ಚಾವಣಿಯಲ್ಲಿ ಹನಿ ಹನಿ ನೀರು, ಕೆಳಗೆ ಬೂಷ್ಟು ಹಿಡಿದ ಚೀಲಗಳು. ಹಗಲಿನ ಬಿಸಿಗೆ ಕೊಬ್ಬರಿ ಬೆವರಿತ್ತು. ಉತ್ತರದ ಚಳಿಗೆ ಆ ಬೆವರು ತಗಡಿಗೆ ಕಟ್ಟಿ ಮತ್ತೆ ಚೀಲದ ಮೇಲೇ ಬಿದ್ದಿತ್ತು. ಸಣ್ಣಯ್ಯನ ಮೂವತ್ತು ಚೀಲ ಹೋದ ಹಾಗೇ ಮುಟ್ಟಿ ಮಾರಾಟವಾಗಿತ್ತು.

ದೇವೀರಪ್ಪ ಹರಾಜಿನ ದಿನವೇ ಬಂದ. ಹೋದ ಸಲದ ಜಾಗದಲ್ಲೇ ನಿಂತ. “ನೋಡ್ರಪ್ಪ, ಮತ್ತೆ ತೂತು ಡಬ್ಬ ಕಳ್ಸವ್ಳೆ!” ಎಂದು ಕೂಗಿದ. ಜನ ಸುತ್ತುವರಿದರು.

ವಿಶಾಲಮ್ಮ ಆಫೀಸಿನಿಂದ ಇಳಿದು ಬಂದು ಚೀಟಿ ಅವನ ಕೈಗೆ ಕೊಟ್ಟಳು. “ಗಟ್ಟಿಯಾಗಿ ಓದಿ ಸಾವ್ಕಾರ್ರೇ.”

ಅವನು ಚೀಟಿ ನೋಡಿದ. “ಕನ್ನಡಕ ತಂದಿಲ್ಲ” ಎಂದ. ಕನ್ನಡಕ ಜೇಬಿನಲ್ಲೇ ಇತ್ತು.

ಅವಳು ನನ್ನ ಕಡೆ ತಿರುಗಿದಳು. “ಉಮಾಶಂಕರಣ್ಣ, ನೀವಾದ್ರೂ ಓದ್ತೀರಾ?”

ಒಂಬತ್ತು ವರ್ಷದ ಬಾಕಿ ದನಿಯೆಲ್ಲ ಸೇರಿಸಿ ಓದಿದೆ: “ಕಂಟೇನರ್ ನಾನೇ ಆರಿಸಿದ್ದು. ನಾನೇ ಒಳಗೆ ಹೋಗಿ ನೋಡಿದ್ದೇನೆ. ಒಂದು ತೂತೂ ಇಲ್ಲ. ದೇವೀರಪ್ಪ.” ಒಂಬತ್ತು ವರ್ಷದ ಹಿಂದೆಯೇ ಅವಳು ಕಂಟೇನರ್ ಬೇಡ ಎಂದಿದ್ದಳು, ನಾನು ಕೇಳಿಸಿಕೊಂಡಿದ್ದೆ ಎಂಬುದನ್ನೂ ಸೇರಿಸಿ ಹೇಳಿದೆ.

“ತೂತಿಲ್ಲ, ಮಳೆ ಇಲ್ಲ. ಹಂಗಾರೆ ನೀರು ಎಲ್ಲಿಂದ ಬಂತು?” ಎಂದಳು ವಿಶಾಲಮ್ಮ.

ಸಣ್ಣಯ್ಯ ಹಿಂದಿನಿಂದ “ಹೇಳಿ ಸ್ವಾಮಿ, ಎಲ್ಲಿಂದ?” ಎಂದ.

“ಕೊಬ್ರೀದೇ ನೀರು” ಎಂದ ದೇವೀರಪ್ಪ, ನೆಲ ನೋಡುತ್ತ. “ಹಸಿ ಇತ್ತು.”

“ಹೋದ್ ಸಲದ್ದು?”

ಅವನು ಟವೆಲು ತೆಗೆದು ಮುಖ ಒರೆಸಿಕೊಂಡ. “ಅದೂ ಹಸೀನೇ. ಡಬ್ಬದಲ್ಲಿ ತೂತಿರ್ಲಿಲ್ಲ.” ಆಮೇಲೆ ದನಿ ತಗ್ಗಿಸಿ, “ಗೊತ್ತಿದ್ದೂ ಒಂದ್ ಮಾತು ಹೇಳಬಾರ್ದಿತ್ತಾ ವಿಶಾಲಮ್ಮ?” ಎಂದ.

“ಹೇಳಿದ್ನಲ್ಲ” ಎಂದಳು. “ಒಂಬತ್ ವರ್ಷ ಆಯ್ತು.”

ಆ ಚೀಟಿಗೆ ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹೊಡೆದಿದ್ದಾಳೆ. ದೇವೀರಪ್ಪ ಈಗಲೂ ಗಾಡಿ ಕೇಳಲು ಬರುತ್ತಾನೆ, ಟಾರ್ಪಾಲಿನ ಲಾರಿಯೇ ಬೇಕು ಎನ್ನುತ್ತಾನೆ. ಗಾಡಿ ಇದ್ದರೂ ಅವಳು ಅವನನ್ನು ಅರ್ಧ ಗಂಟೆ ಕಾಯಿಸುತ್ತಾಳೆ. ಸ್ಟೂಲನ್ನು ಆ ಚೀಟಿಯ ನೇರ ಕೆಳಗೇ ಹಾಕಿಸಿದ್ದಾಳೆ.