ಭೂಪಟ ಕೊಂಡ ಎತ್ತರದ ಗಾಡಿ

ವಾಹನ ಮಾರುವ ಆ ಮಳಿಗೆಯಲ್ಲಿ ಅವನನ್ನು ಎಲ್ಲರೂ ಭೂಪಟ ಎಂದೇ ಕರೆಯುತ್ತಿದ್ದರು. ಅವನ ಮೇಜಿನ ಹಿಂದೆ ಗೋಡೆ ತುಂಬ ಪ್ರಪಂಚದ ನಕಾಶೆ. ಗಿರಾಕಿ ಕುರ್ಚಿ ಎಳೆದು ಕೂರುವಷ್ಟರಲ್ಲಿ ಜಪಾನಿನಿಂದ ಶುರು. ಅಲ್ಲಿ ಗಾಡಿ ನಿಲ್ಲಿಸುವ ಜಾಗ ಇಕ್ಕಟ್ಟು, ಅದಕ್ಕೇ ಬಾಗಿಲು ಪಕ್ಕಕ್ಕೆ ಜಾರುವ ಡಬ್ಬಿಯಂಥ ವ್ಯಾನೆಂದರೆ ಸಂಸಾರಸ್ಥರಿಗೆ ಪ್ರಾಣ. ಇಂಡೋನೇಷ್ಯಾದಲ್ಲಿ ಅಜ್ಜ ಅಜ್ಜಿ ಸಮೇತ ಹೊರಡುವವರಿಗೆ ಮೂರು ಸಾಲು ಸೀಟು ಬೇಕು. ಚೀನಾದಲ್ಲಿ ದೊಡ್ಡ ವ್ಯಾನಿನ ಹಿಂದೆ ಸಾಹುಕಾರರು ಕಾಲು ಚಾಚಿ ಕೂರುತ್ತಾರೆ. ಅಮೇರಿಕದವರೋ, ಒಂದು ಕಾಲಕ್ಕೆ ವ್ಯಾನನ್ನು ತಲೆ ಮೇಲೆ ಹೊತ್ತು ಮೆರೆಸಿದರು, ಆಮೇಲೆ ಅದು ಮಕ್ಕಳನ್ನು ಶಾಲೆಗೆ ಬಿಡುವ ಅಮ್ಮಂದಿರ ಗಾಡಿ ಎಂದು ಮೂಗು ಮುರಿದು ಎತ್ತರದ ಎಸ್‌ಯುವಿ ಹತ್ತಿ ಕೂತರು. ಇಷ್ಟೆಲ್ಲ ಹೇಳುವ ಮಹಾಶಯ ಊರು ಬಿಟ್ಟು ಹೋಗಿದ್ದೇನಾದರೂ ಇದ್ದರೆ ಪಕ್ಕದ ಊರಿನ ಹಲ್ಲಿನ ಡಾಕ್ಟರ ಹತ್ತಿರ, ಅದೂ ಬಸ್ಸಿನಲ್ಲಿ. ಇನ್ನು, ನಿಮ್ಮ ಮನೆಯಲ್ಲಿ ಯಾರು ಯಾರಿದ್ದಾರೆ ಎಂದು ಮಾತ್ರ ಅವನು ಯಾವ ಗಿರಾಕಿಯನ್ನೂ ಕೇಳಿದವನಲ್ಲ.

ಇಂಥವನಿಗೆ ಸ್ವಂತಕ್ಕೆ ಗಾಡಿ ಕೊಳ್ಳುವ ಸಂದರ್ಭ ಬಂತು. ಅವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಮಂಡಿ ಮಡಚುತ್ತಿರಲಿಲ್ಲ. ಹೊಸ್ತಿಲು ದಾಟುವುದೇ ಹರಸಾಹಸ, ಬಸ್ಸಿನ ಮೆಟ್ಟಿಲಂತೂ ಕನಸಿನ ಮಾತು. ಅಷ್ಟರಲ್ಲಿ ಚಿಕ್ಕಮ್ಮನಿಗೆ ಪಕ್ಕದೂರಿನ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ನಿಗದಿಯಾಯಿತು. ಭೂಪಟನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದೇ ಆ ಚಿಕ್ಕಮ್ಮ. ಒಳಗೆ ಕರೆದೊಯ್ಯುವ ಮೊದಲು ತಂಗಿಯ ಕೈ ಒಮ್ಮೆ ಹಿಡಿಯಬೇಕು, ತಾಯಿಗೆ ಬೇಕಾಗಿದ್ದು ಇಷ್ಟೇ.

ಹೆಂಡತಿ ಗಿಣಿಗೆ ಹೇಳುವ ಹಾಗೆ ಹೇಳಿದಳು. ಮಳಿಗೆಯ ಮೂಲೆಯಲ್ಲಿ ಜಾರುವ ಬಾಗಿಲಿನ ತಗ್ಗು ವ್ಯಾನೊಂದು ಯಾರೂ ಕೇಳುವವರಿಲ್ಲದೆ ಧೂಳು ತಿನ್ನುತ್ತಿದೆ, ಅತ್ತೆ ಅದರ ಸೀಟಿನಂಚಿಗೆ ಕೂತು ಹಾಗೇ ಒಳಕ್ಕೆ ತಿರುಗಿದರೆ ಸಾಕು, ಅದನ್ನೇ ತನ್ನಿ ಎಂದು.

"ಅಮೇರಿಕದೋರೇ ಬೇಡ ಅಂತ ಬಿಟ್ಟಿದ್ದನ್ನ ನಾವು ತಗೊಳ್ಳೋದಾ?" ಎಂದ ಅವನು. "ನೋಡಿದೋರು ನನ್ನನ್ನ ಬ್ರೆಡ್ ಮಾರೋನು ಅಂದ್ಕೋತಾರೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಎಸ್‌ಯುವಿ ಬಂತು. ಜಾಹೀರಾತಿನ ಚಿತ್ರದಲ್ಲಿ ಇತ್ತೆಂದು ಗಾಡಿಯ ನೆತ್ತಿಯ ಮೇಲೆ ಸಾಮಾನು ಹೇರುವ ಕಂಬಿಯನ್ನೂ ಹಾಕಿಸಿದ. ಹೇರಲು ಸಾಮಾನೇನೂ ಇರಲಿಲ್ಲ.

ಆಪರೇಷನ್ನಿನ ದಿನ ಬೆಳಿಗ್ಗೆ ಗಾಡಿ ಮನೆ ಮುಂದೆ ನಿಂತಿತು. ಅದರ ಮೆಟ್ಟಿಲು ತಾಯಿಯ ತೊಡೆಯ ಮಟ್ಟಕ್ಕಿತ್ತು. ಪ್ಲಾಸ್ಟಿಕ್ ಸ್ಟೂಲ್ ಇಟ್ಟರು, ಅದರ ಕಾಲು ಸೊಟ್ಟಗಾಯಿತು. ಹೆಂಡತಿ ಒಳಗಿನಿಂದ ಎಳೆದಳು, ಭೂಪಟ ಕೆಳಗಿನಿಂದ ನೂಕಿದ. ಅಕ್ಕಪಕ್ಕದವರು ಕಿಟಕಿಗೆ ಬಂದು ಪುಕ್ಕಟೆ ಸಲಹೆ ಕೊಟ್ಟರು. ತಾಯಿಯ ಕಣ್ಣಲ್ಲಿ ನೀರು ಬಂತು, ನೋವಿಗಿಂತ ಹೆಚ್ಚಾಗಿ ನಾಚಿಕೆಗೆ.

"ಬಿಡಪ್ಪಾ, ನಾನೇನು ಮೂಟೆನಾ?" ಎಂದು ಕೆಳಗಿಳಿದು ನಿಂತಳು. "ಅಲ್ಲ, ಆ ನಿನ್ನ ಅಮೇರಿಕದಲ್ಲಿ ಅಮ್ಮಂದಿರಿಗೆ ಮಂಡೀನೇ ಇರಲ್ವಾ?"

ಎದುರು ಮನೆಯ ಲಾಂಡ್ರಿಯವನು ದಿನಾ ಅದೇ ಆಸ್ಪತ್ರೆಗೆ ಒಗೆದ ಹಾಸಿಗೆ ಬಟ್ಟೆ ಒಯ್ಯುವವನು. ತನ್ನ ಹಳೇ ವ್ಯಾನ್ ತಂದು ನಿಲ್ಲಿಸಿ ಬಾಗಿಲು ಸರಿಸಿದ. ಮುದುಕಿ ಅಂಚಿಗೆ ಕೂತಳು, ತಿರುಗಿದಳು, ಬಟ್ಟೆ ಗಂಟಿಗೆ ಒರಗಿದಳು. ಸೊಸೆ ಪಕ್ಕದಲ್ಲಿ ಕೂತಳು. ಭೂಪಟ ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ವ್ಯಾನು ತಿರುವು ದಾಟಿತ್ತು.

ಅವನು ಖಾಲಿ ಸೀಟುಗಳ ಮೆರವಣಿಗೆ ಹೊರಡಿಸಿಕೊಂಡು ಹಿಂದೆಯೇ ಹೋದ. ಲಾಂಡ್ರಿಯವನು ಆಸ್ಪತ್ರೆಯ ಹಿಂಬಾಗಿಲಿಗೆ, ಲಿಫ್ಟಿನ ಪಕ್ಕಕ್ಕೇ ಒಯ್ದು ಇಳಿಸಿದ. ಇವನು ಗತ್ತಿನಿಂದ ಮುಂಬಾಗಿಲ ಕಡೆಯ, ಗಾಡಿ ನಿಲ್ಲಿಸುವ ನೆಲಮಾಳಿಗೆಗೆ ನುಗ್ಗಿದ. ಅಲ್ಲಿ ಅಡ್ಡಲಾಗಿದ್ದ ಕಬ್ಬಿಣದ ತೊಲೆಗೆ ನೆತ್ತಿಯ ಕಂಬಿ ಬಡಿದು ಗಾಡಿ ಸಿಕ್ಕಿಕೊಂಡಿತು. ಹಿಂದಿನವರ ಹಾರ್ನು, ಕಾವಲುಗಾರನ ಬೈಗುಳ. ಎಲ್ಲರನ್ನೂ ಹಿಂದೆ ಸರಿಸಿ, ಗಾಡಿ ಬಿಡಿಸಿಕೊಂಡು, ಬೀದಿ ಬೀದಿ ಸುತ್ತಿ, ಕೊನೆಗೆ ಎಲ್ಲೋ ತರಕಾರಿ ಮಾರುಕಟ್ಟೆಯ ಹಿಂದೆ ನಿಲ್ಲಿಸಿ ಓಡಿ ಬಂದ.

ಮೇಲೆ ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತ್ತು. ತಾಯಿ ಬೆಂಚಿನ ಮೇಲೆ ಕಾಲು ನೀಡಿ ಕೂತಿದ್ದಳು. ಅವನು ಏದುಸಿರು ಬಿಡುತ್ತಾ ತೊಲೆಯ ತಪ್ಪು, ಕಾವಲುಗಾರನ ತಪ್ಪು ಎಂದು ಶುರುಮಾಡಿದ. ತಾಯಿ ಪೂರ್ತಿ ಕೇಳಿಸಿಕೊಂಡಳು.

"ಕೈ ಹಿಡ್ಕೊಂಡೇ ಇದ್ದೆ," ಎಂದಳು ಆಮೇಲೆ. "ನೀನೆಲ್ಲಿ ಅಂತ ಕೇಳಿದ್ಲು. ಗಾಡಿ ನಿಲ್ಸೋಕೆ ಜಾಗ ಸಿಕ್ತಿಲ್ಲ ಅಂದೆ. ಅಷ್ಟು ದೊಡ್ಡ ಗಾಡಿ ತಗೊಂಡ್ನಾ ನಮ್ಮ ಹುಡುಗ ಅಂತ ಎಷ್ಟು ಖುಷಿಪಟ್ಲು ಗೊತ್ತಾ. ಅವನನ್ನ ನೋಡಿಯೇ ಒಳಗೆ ಹೋಗ್ತೀನಿ, ಸ್ವಲ್ಪ ತಡೀರಿ ಅಂತ ನರ್ಸನ್ನ ಎರಡು ಸಲ ನಿಲ್ಸಿದ್ಲು."